ಪಂಕ್ತಿಗೆ ಕೂತ ಕಾಳಗ

ವಾಸಂತಿಯ ಮೇಜಿನಲ್ಲಿ ಎಂಟು ಕುಳ್ಳ ರಕ್ಕಸರು ಸಾಯುವುದಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ಕಥೆಯ ಒಳಗಿನ ಲೆಕ್ಕದಲ್ಲಿ ಅದು ಒಂದೇ ನಿಮಿಷದ ಕಾಳಗ. ಹೊರಗಿನ ಲೆಕ್ಕದಲ್ಲಿ ಎರಡು ಸುತ್ತು ಕಾಫಿ, ಒಂದು ದೊಡ್ಡ ಪೊಟ್ಟಣ ಚಿಪ್ಸು, ಎಣಿಕೆಗೆ ಸಿಗದಷ್ಟು ಆಕಳಿಕೆ.

"ತೇಜು, ನಿನ್ ಸರದಿ ಕಣೇ."

ತೇಜಶ್ರೀ ಫೋನಿನಿಂದ ತಲೆಯೆತ್ತಿದಳು. "ಹಾಂ? ಯಾರ್ ಸತ್ರು ಅಕ್ಕ?"

"ಯಾರೂ ಸತ್ತಿಲ್ಲ."

"ಹೋದ್ಸಲಾನೂ ಹಂಗೇ ಅಂದ್ರಿ."

"ಹೋದ್ಸಲ ನೀನು ಕೇಳಿ ಇಪ್ಪತ್ತು ನಿಮಿಷ ಆಯ್ತು. ಅಷ್ಟರಲ್ಲಿ ಸಾಯೋದಕ್ಕೆ ಯಾರಿಗೂ ಪುರುಸೊತ್ತು ಸಿಕ್ಕಿಲ್ಲ."

ಅದು 2014ರ ಮಾರ್ಚ್ ತಿಂಗಳ ನಡುವಿನ ಒಂದು ಶನಿವಾರ. ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ, ಹಳೆ ಪುಸ್ತಕದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಆಟದಂಗಡಿ. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ಕಿಟಕಿ ಪಕ್ಕದ ಮೇಜು ವಾಸಂತಿಯದು.

ಆಟ ಹೀಗೆ. ನಾಲ್ವರು ಆಟಗಾರರು ಕಥೆಯೊಳಗಿನ ನಾಲ್ಕು ಪಾತ್ರಗಳಾಗುತ್ತಾರೆ. ಐದನೆಯವರು ಆಟ ನಡೆಸುತ್ತಾರೆ. ಕಾಡು, ಕೋಟೆ, ಹಳ್ಳಿ, ವೈರಿ ಎಲ್ಲವೂ ಅವರ ಬಾಯಿಂದಲೇ ಬರಬೇಕು. ಮಾತಿನಲ್ಲಿ ನಡೆಯುವವರೆಗೆ ಕಥೆ ಸರಾಗವಾಗಿ ಸಾಗುತ್ತದೆ. ಯಾರಾದರೂ ಕತ್ತಿ ಹಿರಿದರೋ, ನಿಯಮದ ಪುಸ್ತಕ ತೆರೆದುಕೊಳ್ಳುತ್ತದೆ. ಇಪ್ಪತ್ತು ಮುಖದ ದಾಳ ಉರುಳಿಸಿ ಸರದಿ ಹಿಡಿಯಬೇಕು. ಚೌಕ ಎಣಿಸಿ ಹೆಜ್ಜೆ ಇಡಬೇಕು. ಏಟು ತಗುಲಿತೇ ಎಂದು ಒಂದು ದಾಳ, ತಗುಲಿದರೆ ಎಷ್ಟು ತಗುಲಿತು ಎಂದು ಇನ್ನೊಂದು ದಾಳ. ಹಿಂದೆ ಸರಿದವನ ಬೆನ್ನಿಗೆ ವೈರಿಯಿಂದ ಪುಕ್ಕಟೆ ಒಂದು ಏಟು. ಕೊಂದರೆ ಅಂಕ, ಬಿಟ್ಟರೆ ಸೊನ್ನೆ. ಹೀಗೆಲ್ಲ ಬರೆದಿಟ್ಟ ಮೇಲೆ ಯಾರು ತಾನೇ ಹಿಂದೆ ಸರಿಯುತ್ತಾರೆ? ಕೊನೆಯ ರಕ್ಕಸ ಬೀಳುವವರೆಗೆ ಎಲ್ಲರೂ ಹೊಡೆಯುತ್ತಲೇ ಇರುತ್ತಾರೆ.

ಎಲ್ಲರಿಗಿಂತ ಹೆಚ್ಚು ಹೊಡೆಯುತ್ತಿದ್ದವರು ಗದಿಗೆಪ್ಪ. ಐವತ್ತು ದಾಟಿದ, ಗದಗಿನ ಕಡೆಯ ಮನುಷ್ಯ. ಎಂಬತ್ತರ ದಶಕದಲ್ಲೇ ಇಲ್ಲಿನ ಯೂನಿವರ್ಸಿಟಿಗೆ ಓದಲು ಬಂದು, ವಿಮಾನದ ಕೆಲಸಕ್ಕೆ ಸೇರಿ, ಇಲ್ಲೇ ಬೇರು ಬಿಟ್ಟವರು. ಹೊಸ ವಿಮಾನದ ರೆಕ್ಕೆಯನ್ನು ಮುರಿಯುವ ತನಕ ಬಗ್ಗಿಸಿ ನೋಡುವುದೇ ಅವರ ನೌಕರಿ. ಆಟದಲ್ಲಿ ಅವರು ಕೊಡಲಿ ಹಿಡಿದ ಸಿಪಾಯಿ. ತಮ್ಮ ಸರದಿ ಬರುವವರೆಗೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದರು. "ನನ್ನ ಪಾಳಿ ಬಂದಾಗ ಎಬ್ಬಸ್ ತಂಗಿ. ಹೊಡೀತೀನಿ ಅಂತ ಈಗಲೇ ಬರಕೋ."

ತೇಜಶ್ರೀ ಸಮುದ್ರದ ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಶಿವಮೊಗ್ಗದವಳು, ಆಟದಲ್ಲಿ ಮಂತ್ರವಾದಿ. ರೋಹನ್ ಇಲ್ಲೇ ಹುಟ್ಟಿದವನು, ಕಾಲೇಜಿನ ಎರಡನೇ ವರ್ಷ, ಆಟದಲ್ಲಿ ಕಳ್ಳ. ನಾಲ್ಕನೆಯವನು ವಾಸಂತಿಯ ಗಂಡ ಕೇಶವ, ಬೆಲ್ವ್ಯೂನಲ್ಲಿ ಸಾಫ್ಟ್‌ವೇರ್ ಕೆಲಸ, ಆಟದಲ್ಲಿ ವೈದ್ಯ. ದಾಳ ಅವನ ಮೇಲೆ ಮುನಿಸಿಕೊಂಡಿತ್ತೋ ಏನೋ, ಅವನ ಸರದಿ ಯಾವಾಗಲೂ ಕೊನೆಗೇ ಬರುತ್ತಿತ್ತು. ಅವನು ಔಷಧಿ ತೆಗೆಯುವಷ್ಟರಲ್ಲಿ ರೋಗಿ ಸತ್ತಿರುತ್ತಿದ್ದ.

ಅವತ್ತು ಐದು ಗಂಟೆ ಹೊಡೆದಾಗ ಎಂಟರಲ್ಲಿ ಮೂವರು ರಕ್ಕಸರು ಇನ್ನೂ ನಿಂತಿದ್ದರು. ಅಂಗಡಿಯ ಯಜಮಾನ ಗ್ಲೆನ್ ಮೇಜಿನ ಬಳಿ ಬಂದ. ಒಳ್ಳೆಯವನೇ, ಆದರೆ ಮಾತು ನೇರ. ಜನವರಿಯಿಂದ ಒಂದೇ ಒಂದು ಸಾಹಸವನ್ನೂ ಈ ಮೇಜು ಮುಗಿಸಿಲ್ಲ, ಪ್ರತಿ ವಾರ ಮುಂದಿನವರು ಬಾಗಿಲಲ್ಲಿ ಕಾಯುತ್ತಾರೆ, ಇಸ್ಪೀಟಿನಂಥ ಎಲೆಗಳ ಆಟ ಆಡುವ ಹನ್ನೆರಡು ಮಂದಿ ಇದೇ ಹೊತ್ತು ಕೇಳುತ್ತಿದ್ದಾರೆ ಎಂದ. ಇನ್ನು ಮೂರು ಶನಿವಾರ ಕೊಡುತ್ತೇನೆ; ಅಷ್ಟರಲ್ಲಿ ಒಂದು ಕಥೆಯನ್ನು ಒಂದಕ್ಕೆ ಶುರು ಮಾಡಿ ಐದರೊಳಗೆ ಮುಗಿಸಿ ತೋರಿಸು, ಇಲ್ಲದಿದ್ದರೆ ಮೇಜು ಅವರಿಗೆ ಎಂದ. ಹೋಗುವಾಗ ಗೋಡೆಯ ಕರಿಹಲಗೆಯ ಕಡೆ ಒಮ್ಮೆ ನೋಡಿದ. ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿತ್ತು: ಶನಿವಾರ, ಒಂದರಿಂದ ಐದು, ವಾಸಂತಿ.

ಆ ಹೆಸರನ್ನು ಅಳಿಸಲು ಅವನಿಗೆ ಒಂದು ಒದ್ದೆ ಬಟ್ಟೆ ಸಾಕಿತ್ತು. ವಾಸಂತಿಗೆ ಅದು ಅಲ್ಲಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು.

ಮದುವೆಯಾಗಿ ಬಂದಾಗ ಅವಳಿಗೆ ಇಪ್ಪತ್ತೊಂಬತ್ತು. ಮೈಸೂರಿನಲ್ಲಿ ಬಿಕಾಂ ಮುಗಿಸಿ, ಒಂದು ಕೋ-ಆಪರೇಟಿವ್ ಬ್ಯಾಂಕಿನ ಕೌಂಟರಿನಲ್ಲಿ ಆರು ವರ್ಷ ಕೂತವಳು. ಇಲ್ಲಿ ಗಂಡನ ವೀಸಾಕ್ಕೆ ಅಂಟಿಕೊಂಡು ಬಂದ ಹೆಂಡತಿಯರು ಕೆಲಸ ಮಾಡುವಂತಿರಲಿಲ್ಲ. ಬ್ಯಾಂಕಿನ ಪತ್ರದಲ್ಲಿ, ಆಸ್ಪತ್ರೆಯ ಕಾರ್ಡಿನಲ್ಲಿ, ಅಪಾರ್ಟ್‌ಮೆಂಟಿನ ಬಾಡಿಗೆ ಕರಾರಿನಲ್ಲಿ, ಎಲ್ಲೆಡೆ ಅವಳ ಹೆಸರು ಕೇಶವನ ಹೆಸರಿನ ಕೆಳಗೆ. ಅವನು ಆಫೀಸಿನ ಗೆಳೆಯರ ಜೊತೆ ಈ ಅಂಗಡಿಗೆ ಬರುತ್ತಿದ್ದಾಗ ಅವಳೂ ಬಂದು ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಆಟ ನಡೆಸುವವನಿಗೆ ಜ್ವರ. ಉಳಿದವರು ಮುಖ ಮುಖ ನೋಡಿಕೊಳ್ಳುವಾಗ ವಾಸಂತಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ನಾನು ನಡೆಸುತ್ತೇನೆ ಎಂದಳು. ಎಲ್ಲರ ಮುಖ ಒಟ್ಟಿಗೆ ನೋಡುತ್ತ, ಯಾರಿಗೆ ಏನು ಬೇಕು ಎಂದು ಅವರು ಕೇಳುವ ಮೊದಲೇ ಅರಿಯುವ ಕೆಲಸ ಅವಳಿಗೆ ಹೊಸದಾಗಿರಲಿಲ್ಲ.

ಅವತ್ತು ಬಸ್ಸಿನಲ್ಲಿ ಬೆಲ್ವ್ಯೂನ ಮನೆಗೆ ಮರಳುವಾಗ, ಸರೋವರದ ಸೇತುವೆಯ ಮೇಲೆ, ಕೇಶವ ಹೇಳಿದ: "ಬೇರೆ ಅಂಗಡಿ ನೋಡಿದ್ರಾಯ್ತು ಬಿಡು."

"ಬೇರೆ ಅಂಗಡಿ ಬೇಡ."

"ಮನೇಲೇ ಆಡಬಹುದಲ್ಲ?"

"ಮನೇಲಿ ಆಡಿದ್ರೆ ನಾನು ಬೋಂಡ ಕರೀತೀನಿ, ನೀವು ಆಡ್ತೀರ. ನನಗೆ ಆ ಮೇಜೇ ಬೇಕು ಕೇಶವ. ಮೂರು ಶನಿವಾರ ಇದೆ. ಮುಗಿಸ್ತೀನಿ."

ಮೊದಲ ಶನಿವಾರ ಅವಳು ಅಡುಗೆಮನೆಯ ಟೈಮರನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಕಾಳಗದಲ್ಲಿ ಒಬ್ಬೊಬ್ಬರಿಗೆ ಒಂದೇ ನಿಮಿಷ. ಟಿಣ್ ಎಂದರೆ ಸರದಿ ಹೋಯಿತು.

ಕಾಳಗವೇನೋ ಓಡಿತು. ಆದರೆ ಟೈಮರಿನ ಟಿಕ್ ಟಿಕ್ ಕೇಳುತ್ತಿದ್ದಂತೆ ನಾಲ್ವರ ಬಾಯಿಂದಲೂ ಬಂದದ್ದು ಒಂದೇ ಮಾತು: ಹೊಡೀತೀನಿ. ನಲವತ್ತು ಮಂತ್ರ ಬರುತ್ತಿದ್ದ ತೇಜಶ್ರೀ ಬೆಂಕಿ ಬಿಟ್ಟು ಬೇರೇನೂ ಎಸೆಯಲಿಲ್ಲ. ವೈದ್ಯ ಕೇಶವ ಕೂಡ ಔಷಧಿ ಪೆಟ್ಟಿಗೆಯಿಂದ ಯಾರದೋ ತಲೆಗೆ ಬಾರಿಸಿದ. ಮೂರು ಗಂಟೆ ಹೊತ್ತಿಗೆ ಕಥೆಯೊಳಗೆ ಒಬ್ಬ ಮುದುಕ ಕೈಯಲ್ಲೇನೋ ಹಿಡಿದು ಕತ್ತಲಿಂದ ಓಡಿ ಬಂದ. ಟೈಮರ್ ತಿರುಗುತ್ತಿತ್ತು.

"ಹೊಡೀತೀನಿ!" ಎಂದರು ಗದಿಗೆಪ್ಪ.

"ಬೆಂಕಿ!" ಎಂದಳು ತೇಜಶ್ರೀ.

ಮುದುಕ ಬಿದ್ದ. ವಾಸಂತಿ ಟೈಮರನ್ನು ನಿಲ್ಲಿಸಿ ಅವರನ್ನೇ ನೋಡಿದಳು. "ಅವನ ಕೈಲಿ ಇದ್ದಿದ್ದು ಕೋಟೆ ಬೀಗದ ಕೈ. ನಿಮಗೆ ಕೊಡೋಕೆ ಬಂದಿದ್ದ. ಈಗ ಬೀಗದ ಕೈನೂ ಕರಗಿಹೋಯ್ತು."

"ಆಂಟಿ, ವಿ ಕಿಲ್ಡ್ ದ ಕೀ ಗೈ?" ರೋಹನ್ ತಲೆ ಹಿಡಿದುಕೊಂಡ.

"ಯೋಚ್ನೆ ಮಾಡೋಕೆ ಬಿಟ್ರೆ ತಾನೆ ಅಕ್ಕ!" ಎಂದು ತೇಜಶ್ರೀ ರೇಗಿದಳು. "ಟೈಮರ್ ಇಟ್ಕೊಂಡು ಯಾರು ಏನೋ ಅಂತ ಕೇಳ್ತಾ ಕೂರೋಕಾಗುತ್ತಾ?"

ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಆ ದಿನ ವಾಸಂತಿ ತನ್ನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದುಕೊಂಡಳು: ನಿಯಮ ಅವಸರ ಮಾಡಿದರೆ ಆಡುವವರು ಕುರುಡರಾಗುತ್ತಾರೆ. ಟೈಮರ್ ಅಡುಗೆಮನೆಗೆ ವಾಪಸಾಯಿತು.

ವಾರದ ನಡುವೆ ಅವಳು ಮೈಸೂರಿಗೆ ಫೋನು ಮಾಡಿದಳು. ಅಪ್ಪ ಅನಂತಪದ್ಮನಾಭ ಮೂವತ್ತೆಂಟು ವರ್ಷ ಮದುವೆ ಅಡುಗೆ ಮಾಡಿಸಿದ ಕಂಟ್ರಾಕ್ಟರು. ವಾಸಂತಿ ಹದಿನಾಲ್ಕು ವರ್ಷದವಳಿದ್ದಾಗಿನಿಂದ ರಜಾದಿನಗಳಲ್ಲಿ ಛತ್ರದ ಊಟದ ಹಾಲಿನ ತುದಿಯಲ್ಲಿ ನಿಂತು, ಸಾಲಿನ ಮೇಲೆ ಕಣ್ಣಿಟ್ಟು, ಒಳಗಿನವರಿಗೆ ಕೈಸನ್ನೆ ಮಾಡುತ್ತಿದ್ದಳು: ಪಲ್ಯ ಹೋಗಲಿ, ಹುಳಿ ಬರಲಿ, ಮೂರನೇ ಎಲೆಗೆ ತುಪ್ಪ ಬಿದ್ದಿಲ್ಲ.

"ಅಪ್ಪ, ಒಂದು ಪಂಕ್ತಿಗೆ ಎಷ್ಟು ಹೊತ್ತು ಹಿಡೀತಿತ್ತು?"

"ಯಾಕಮ್ಮ, ಅಲ್ಲಿ ಅಡುಗೆ ಹಿಡಿದಿದೀಯ?"

"ಇಲ್ಲಪ್ಪ, ಆಟಕ್ಕೆ. ಹೇಳಿ."

"ನೂರೈವತ್ತು ಎಲೆ, ನಲವತ್ತು ನಿಮಿಷ. ಅದಕ್ಕಿಂತ ಜಾಸ್ತಿ ಆದ್ರೆ ಉಣ್ಣೋರ ತಪ್ಪಲ್ಲ, ಬಡಿಸೋರ ತಪ್ಪು. ಹುಳಿ ಬಂದಾಗ ಎಲೇಲಿ ಅನ್ನ ಕಲಸೋಕೆ ಜಾಗ ಮಾಡಿಕೊಂಡು ಕೂತಿರ್ತಾರೆ, ಅಲ್ವೇ? ಯಾಕೆ? ಹಿಂದಿನ ಎಲೆಗೆ ಬಡಿಸ್ತಿರೋದು ಅವರ ಕಣ್ಣಿಗೆ ಕಾಣ್ತಿರುತ್ತೆ. ಯಾರೂ ಯಾರನ್ನೂ ಅವಸರ ಮಾಡಬೇಕಾಗಿಲ್ಲ."

ಫೋನಿಟ್ಟವಳೇ ವಾಸಂತಿ ನೋಟ್‌ಬುಕ್ ತೆರೆದಳು. ಸರದಿಗೆ ದಾಳ ಬೇಡ. ಕೂತ ಸಾಲಿನಲ್ಲೇ ಸರದಿ ಸಾಗಲಿ, ಎಲೆಯಿಂದ ಎಲೆಗೆ. ಒಬ್ಬರು ದಾಳ ಉರುಳಿಸುತ್ತಿರುವಾಗಲೇ ಪಕ್ಕದವರು ತಾವೇನು ಮಾಡುತ್ತೇವೆಂದು ಹೇಳಿ ಸಿದ್ಧವಾಗಿರಬೇಕು. ಇನ್ನೂ ಯೋಚಿಸುತ್ತಿದ್ದರೆ ಚಿಂತೆಯಿಲ್ಲ, ಬಡಿಸುವವರು ಮುಂದೆ ಹೋಗುತ್ತಾರೆ, ಸುತ್ತಿನ ಕೊನೆಗೆ ಮತ್ತೆ ಬಂದು ವಿಚಾರಿಸುತ್ತಾರೆ. ಅದರ ಜೊತೆಗೆ ಇನ್ನೊಂದು ಸಾಲು ತಾನಾಗಿಯೇ ಅವಳ ಕೈಯಿಂದ ಇಳಿಯಿತು. ರೋಹನ್‌ನ ಕಳ್ಳ ಪ್ರತಿ ಕಾಳಗದಲ್ಲೂ ನುಸುಳಿಕೊಂಡು ಎಲ್ಲೋ ಹೋಗಿ ಅಡಗುತ್ತಿದ್ದ, ಅವನೊಬ್ಬನಿಗಾಗಿ ಬೇರೆ ಕಥೆ ನಡೆಸಬೇಕಾಗುತ್ತಿತ್ತು. ಅದಕ್ಕೆ ಬರೆದಳು: ಪಂಕ್ತಿ ಮುಗಿಯುವ ಮುನ್ನ ಯಾರೂ ಮಧ್ಯೆ ಏಳುವಂತಿಲ್ಲ.

ಚಿಕ್ಕಂದಿನಿಂದ ಕೇಳಿ ಬೆಳೆದ ಮಾತು. ಅದರಲ್ಲೇನು ತಪ್ಪಿರಲು ಸಾಧ್ಯ?

ಎರಡನೇ ಶನಿವಾರ ಮೇಜಿಗೆ ಜೀವ ಬಂತು. ತೇಜಶ್ರೀಯ ಫೋನು ಚೀಲದಿಂದ ಹೊರಬರಲೇ ಇಲ್ಲ. ಗದಿಗೆಪ್ಪ ಕಣ್ಣು ಮುಚ್ಚಲಿಲ್ಲ. ರೋಹನ್ ದಾಳ ಎಸೆಯುವಾಗ ತೇಜಶ್ರೀ ಮಂತ್ರ ಆರಿಸುತ್ತಿದ್ದಳು, ಅವಳು ಎಸೆಯುವಾಗ ಕೇಶವ ಗಾಯ ಎಣಿಸುತ್ತಿದ್ದ. ಮೂರು ವರ್ಷದಲ್ಲಿ ಮೊದಲ ಬಾರಿಗೆ ವೈದ್ಯನ ಔಷಧಿ ಬದುಕಿದ್ದ ರೋಗಿಗೆ ತಲುಪಿತು.

"ಏ ಡಾಕ್ಟ್ರ, ಛಲೋ ಐತಲ್ಲೋ ನಿನ್ನ ಎಣ್ಣಿ!" ಎಂದು ಗದಿಗೆಪ್ಪ ಅವನ ಬೆನ್ನಿಗೆ ಗುದ್ದಿದರು.

ಹಾಗೆ ಮೊದಲ ಕಾಳಗ ಮೂವತ್ತೈದು ನಿಮಿಷದಲ್ಲಿ ಮುಗಿಯಿತು. ಎರಡನೆಯದು ಎದುರಾದಾಗ ವೈರಿಗಳು ಹದಿನಾರು ಜನ. ಎರಡು ಸುತ್ತು ಆಗುವಷ್ಟರಲ್ಲಿ ಇದು ಗೆಲ್ಲುವ ಮಾತಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಆಂಟಿ, ರನ್ ಮಾಡಬಹುದಾ?"

"ಮಧ್ಯೆ ಏಳೋ ಹಾಗಿಲ್ಲ ರೋಹನ್."

"ಮತ್ತೆ ಏನ್ ಮಾಡೋದು?"

ಅದಕ್ಕೆ ಅವಳು ನಿಯಮ ಬರೆದಿರಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ನಾಲ್ವರೂ ಸತ್ತರು. ಒಬ್ಬರ ನಂತರ ಒಬ್ಬರು, ಕೂತ ಸಾಲಿನಲ್ಲೇ, ಬಲು ಶಿಸ್ತಾಗಿ. ಗ್ಲೆನ್ ಕೌಂಟರಿನಿಂದ ಇತ್ತ ನೋಡಿ, ಇಷ್ಟು ಬೇಗ ಮುಗಿಯಿತೇ ಎಂದು ಹುಬ್ಬೇರಿಸಿದ. ಮುಗಿದದ್ದು ಏನೆಂದು ತಿಳಿದಾಗ ಹುಬ್ಬು ಇಳಿಸಿದ.

"ಇನ್ನೊಂದ ವಾರ ಐತಿ," ಎಂದರು ಗದಿಗೆಪ್ಪ, ಯಾರಿಗೆಂದಿಲ್ಲದೆ.

ಮರುದಿನ ಭಾನುವಾರ. ಯುಗಾದಿ ಸೋಮವಾರವಿತ್ತು, ಆದರೆ ರಜೆ ಇಲ್ಲದ ಊರಿನಲ್ಲಿ ಹಬ್ಬ ಭಾನುವಾರಕ್ಕೇ ಸರಿಯುತ್ತದೆ. ಮೇಜಿನ ಉಳಿದ ಮೂವರನ್ನೂ ವಾಸಂತಿ ಮೊದಲೇ ಊಟಕ್ಕೆ ಕರೆದಿದ್ದಳು. ಬೇವಿನ ಹೂವು ಇಂಡಿಯನ್ ಸ್ಟೋರಿನ ಒಣಗಿದ್ದು. ಬಾಳೆಲೆ ವಿಯೆಟ್ನಾಮಿನವರ ಅಂಗಡಿಯ ಫ್ರೀಜರಿನದು, ಅರ್ಧ ಗಂಟೆ ನೀರಿನಲ್ಲಿಟ್ಟು ಬಿಡಿಸಿದ್ದು. ಕಾಫಿ ಟೇಬಲ್ಲನ್ನು ಬಾಲ್ಕನಿಗೆ ತಳ್ಳಿ, ಹಾಲಿನ ಕಾರ್ಪೆಟ್ಟಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಕೇಶವನದೂ ಸೇರಿ ನಾಲ್ಕು ಎಲೆಗಳನ್ನು ಸಾಲಾಗಿ ಹಾಕಿದಳು.

"ಸತ್ತೋರಿಗೆಲ್ಲ ಊಟ ಹಾಕಾಕತ್ತೀಯಲ್ಲ ತಂಗಿ," ಎಂದು ನಗಾಡುತ್ತ ಗದಿಗೆಪ್ಪ ಚಕ್ಕಳಮಕ್ಕಳ ಹಾಕಿ ಕೂತರು.

ಕೋಸಂಬರಿ ಬಂತು, ಮಾವಿನಕಾಯಿ ಚಿತ್ರಾನ್ನ ಬಂತು, ಹೋಳಿಗೆ ಬಂತು. ವಾಸಂತಿ ಪಾಯಸದ ಪಾತ್ರೆಯೊಡನೆ ಅಡುಗೆಮನೆಯಿಂದ ಹೊರಬರುವಾಗ ಗದಿಗೆಪ್ಪನವರ ಮುಖ ಹಿಂಡಿಕೊಂಡಿತ್ತು. ಮೊಣಕಾಲು ಹಿಡಿದುಬಿಟ್ಟಿತ್ತು.

"ತಂಗಿ, ತಪ್ಪು ತಿಳೀಬ್ಯಾಡ, ನಂದ ಆತು. ಏಳ್ತೀನಿ."

ಅವರು ಒಂದು ಕೈಯನ್ನು ನೆಲಕ್ಕೆ ಊರುವುದರೊಳಗೆ ರೋಹನ್ ಎದ್ದು ನಿಂತಿದ್ದ. ಕೇಶವ ಎದ್ದ. ತೇಜಶ್ರೀ ಎಲೆಯಲ್ಲಿದ್ದ ಅರ್ಧ ಹೋಳಿಗೆಯನ್ನು ಬಾಯಿಗೆ ತುರುಕಿಕೊಂಡು, ಕೆನ್ನೆ ಉಬ್ಬಿಸಿಕೊಂಡೇ ಎದ್ದಳು. ಮೂವರೂ ಸೇರಿ ಗದಿಗೆಪ್ಪನವರ ಕಂಕುಳಿಗೆ ಕೈಕೊಟ್ಟು ಎತ್ತಿದರು.

"ನೀವ್ಯಾಕ ಎದ್ರೋ? ಪಾಯಸ ಬರಾಕತ್ತಿತ್ತಲ್ಲ!"

"ಅಂಕಲ್, ನಮ್ಮನೇಲಿ ರೂಲ್ ಅದು," ಎಂದ ರೋಹನ್. "ಒಬ್ರು ಎದ್ರೆ ಎವ್ರಿಬಡಿ. ಅಮ್ಮ ಬೈತಾಳೆ."

ವಾಸಂತಿ ಪಾಯಸದ ಸೌಟು ಹಿಡಿದು ನಿಂತಲ್ಲೇ ನಿಂತಳು. ಛತ್ರದಲ್ಲಿ ನೂರು ಸಲ ನೋಡಿದ್ದಳು. ಸಾಲಿನ ಹಿರಿಯರು ಯಾರೋ ಏಳಬೇಕಾಗಿ ಬಂದರೆ, ಉಳಿದವರೂ ಎಲೆ ಮಡಿಸಿ ಏಳುತ್ತಾರೆ. ಯಾರನ್ನೂ ಒಬ್ಬಂಟಿಯಾಗಿ ಎಬ್ಬಿಸಿ ಕಳಿಸುವುದಿಲ್ಲ. ಅವಳು ಆಟಕ್ಕೆ ತಂದದ್ದು ಅರ್ಧ ಪದ್ಧತಿಯನ್ನು ಮಾತ್ರ. ಏಳಬಾರದು ಎನ್ನುವುದನ್ನು ಬರೆದಿದ್ದಳು, ಏಳಬೇಕಾದಾಗ ಹೇಗೆ ಏಳುತ್ತಾರೆ ಎನ್ನುವುದನ್ನು ಛತ್ರದಲ್ಲೇ ಬಿಟ್ಟು ಬಂದಿದ್ದಳು. ಆ ಅರ್ಧ ನಾಲ್ವರನ್ನು ಕೊಂದಿತ್ತು.

"ಕೂತ್ಕೊಳ್ಳಿ," ಎಂದಳು.

"ಎದ್ದಾಯ್ತಲ್ಲ ಅಕ್ಕ?"

"ಸೋಫಾ ಮೇಲೆ ಕೂತ್ಕೊಂಡು ಪಾಯಸ ಕುಡೀರಿ. ನನಗೆ ಪೆನ್ ಕೊಡಿ."

ಅವಳು ಬರೆದದ್ದು ಕೆಲವೇ ಸಾಲು. ತನ್ನ ಸರದಿಯಲ್ಲಿ ಯಾರು ಬೇಕಾದರೂ 'ಎದ್ದೆ' ಎನ್ನಬಹುದು. ಒಬ್ಬರು ಎದ್ದರೆ ಎಲ್ಲರೂ ಎದ್ದಂತೆ, ಹಾಗೆ ಎದ್ದವರ ಬೆನ್ನಿಗೆ ವೈರಿ ಹೊಡೆಯುವಂತಿಲ್ಲ. ಎಲೆಯ ಮೇಲೆ ಬಿಟ್ಟದ್ದು ಬಿಟ್ಟಂತೆ. ಕೈಯಲ್ಲಿ ಇಲ್ಲದ ವಸ್ತು ಅಲ್ಲೇ ಉಳಿಯುತ್ತದೆ. ಈ ನಿಯಮ ವೈರಿಗೂ ಅನ್ವಯ. ಆಮೇಲೆ ಹಳೆ ಪುಸ್ತಕದ ಒಂದು ಸಾಲಿಗೆ ಗೀಟು ಎಳೆದಳು. ಅಂಕ ಇನ್ನು ಕೊಂದದ್ದಕ್ಕಲ್ಲ, ಹೊರಟ ಕೆಲಸ ಮುಗಿಸಿದ್ದಕ್ಕೆ.

ಮೂರನೇ ಶನಿವಾರ ಯೂನಿವರ್ಸಿಟಿಯ ಅಂಗಳದಲ್ಲಿ ಚೆರ್ರಿ ಹೂವು ಉದುರುವ ಹೊತ್ತು. ಬಸ್ಸು ತುಂಬ ಹೂವು ನೋಡಲು ಹೊರಟವರು. ವಾಸಂತಿ ಹನ್ನೆರಡೂವರೆಗೇ ಮೇಜಿಗೆ ಬಂದು, ದಾಳಗಳನ್ನು ಜೋಡಿಸಿ, ನಾಲ್ವರನ್ನೂ ಒಂದೇ ಬದಿಗೆ ಸಾಲಾಗಿ ಕೂರಿಸಿ, ತಾನು ಎದುರು ನಿಂತಳು. ಅವತ್ತು ಅವಳು ಕೂರಲೇ ಇಲ್ಲ.

ಹೊಸ ಕಥೆಯಾದ್ದರಿಂದ ಹೋದ ವಾರ ಸತ್ತ ನಾಲ್ವರೂ ಮತ್ತೆ ಬದುಕಿ ಬಂದಿದ್ದರು. ಕಥೆ ಸರಳ. ಬೆಟ್ಟದ ಮೇಲಿನ ಕೋಟೆಯಲ್ಲಿ ಜ್ವರ ಹಬ್ಬಿದೆ. ಔಷಧಿ ಪೆಟ್ಟಿಗೆಯನ್ನು ಸೂರ್ಯ ಮುಳುಗಿ ಬಾಗಿಲು ಹಾಕುವ ಮುನ್ನ ತಲುಪಿಸಬೇಕು. ಪೆಟ್ಟಿಗೆ ವೈದ್ಯ ಕೇಶವನ ಬೆನ್ನ ಮೇಲಿದೆ.

ಹೊಳೆಯ ಸೇತುವೆಯ ಮೇಲೆ ಒಂಬತ್ತು ಜನ ಕಾವಲುಗಾರರು ದಾರಿ ಕಟ್ಟಿದರು. ಗದಿಗೆಪ್ಪ ಆಗಲೇ ದಾಳ ಕೈಗೆತ್ತಿಕೊಂಡಿದ್ದರು. ರೋಹನ್ ಅವರ ಮಣಿಕಟ್ಟು ಹಿಡಿದ.

"ವೆಯ್ಟ್ ಅಂಕಲ್. ಆಂಟಿ, ಅವರಿಗೂ ಸೇಮ್ ರೂಲ್ ಅಲ್ವಾ? ಒಬ್ಬ ಎದ್ರೆ ಎಲ್ರೂ ಏಳ್ಬೇಕು?"

"ಹೌದು."

"ದೆನ್... ಅವರಲ್ಲಿ ಜಾಸ್ತಿ ಹೆದರಿರೋನು ಯಾರು?"

ಮೂರು ವರ್ಷದಲ್ಲಿ ಈ ಮೇಜಿನಲ್ಲಿ ನೂರಾರು ವೈರಿಗಳು ಸತ್ತಿದ್ದರು. ಅವರಲ್ಲಿ ಒಬ್ಬನ ಬಗ್ಗೆಯೂ ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವನ್ನು ಯಾವ ನಿಯಮವೂ ಹುಟ್ಟಿಸಿರಲಿಲ್ಲ.

"ಎಡಗಡೆಯಿಂದ ಎರಡನೆಯವನು," ಎಂದಳು ವಾಸಂತಿ, ಅಲ್ಲೇ ಹೊಳೆದದ್ದನ್ನು. "ಪದೇಪದೇ ಹಿಂದಕ್ಕೆ ನೋಡ್ತಿದಾನೆ. ಅವನ ಹಿಂದೆ ಒಲೆ ಮೇಲೆ ಒಂದು ಪಾತ್ರೆ ಇದೆ."

"ಅಡುಗೆಯವನು!" ತೇಜಶ್ರೀ ಕುರ್ಚಿಯಲ್ಲೇ ಪುಟಿದಳು. "ಅಕ್ಕ, ಬೆಂಕಿ ಮಂತ್ರ. ಅವನ ಮೇಲಲ್ಲ. ಒಲೆಗೆ. ಉರಿ ಜೋರು ಮಾಡ್ತೀನಿ."

"ದಾಳ ಹಾಕು."

ಹದಿನೇಳು ಬಿತ್ತು. ಪಾತ್ರೆ ಉಕ್ಕಿ ಹರಿಯಿತು, ಅಡುಗೆಯವನು ಈಟಿ ಬಿಸಾಕಿ ಓಡಿದ, ಅವನ ಹಿಂದೆಯೇ ಎಂಟೂ ಮಂದಿ ಸೇತುವೆ ಬಿಟ್ಟು ಎದ್ದರು. ಇಡೀ ಕಾಳಗಕ್ಕೆ ಹನ್ನೊಂದು ನಿಮಿಷ, ಒಂದು ಹನಿ ರಕ್ತವಿಲ್ಲ.

"ಇದೇನ್ ಕಾಳಗಪಾ, ಸಾರು ಉಕ್ಕಿಸಿ ಗೆದ್ದಂಗಾತು," ಎಂದು ಗದಿಗೆಪ್ಪ ಗೊಣಗಿದರು. ಗೊಣಗಿದರೂ ಮುಖದ ತುಂಬ ನಗುವಿತ್ತು.

ಮುಂದೆ ಕಾಡು ದಾಟಿದರು, ಹಳ್ಳಿಯವರನ್ನು ಒಲಿಸಿಕೊಂಡು ಕತ್ತೆಯೊಂದನ್ನು ಪಡೆದರು, ಒಂದು ಕಡೆ ತಾವೇ ಎದ್ದು ಬೇರೆ ದಾರಿ ಹಿಡಿದರು. ನಾಲ್ಕೂಕಾಲಾಯಿತು. ಕೋಟೆಯ ಕೆಳಗಿನ ಕಣಿವೆಯಲ್ಲಿ ಕೊನೆಯ ತೊಡಕು ಕೂತಿತ್ತು: ಬೆಟ್ಟದ ದೈತ್ಯ. ಒಂಟಿ. ಅವನ ಪಂಕ್ತಿಯಲ್ಲಿ ಎಬ್ಬಿಸಲು ಇನ್ನೊಬ್ಬರಿರಲಿಲ್ಲ.

ಗದಿಗೆಪ್ಪನವರ ಸಿಪಾಯಿ ಮುಂದೆ ನಿಂತ. ಮೊದಲ ಏಟಿಗೇ ಇಪ್ಪತ್ತು ಬಿತ್ತು, ಕೊಡಲಿ ದೈತ್ಯನ ತೊಡೆಯಲ್ಲಿ ಹಿಡಿವರೆಗೆ ಇಳಿದು ಸಿಕ್ಕಿಕೊಂಡಿತು. ಮೇಜು ಕೂಗಿತು. ದೈತ್ಯ ತಿರುಗಿ ಬೀಸಿದ ಗದೆಗೆ ರೋಹನ್‌ನ ಕಳ್ಳ ಬಿದ್ದ, ಕೇಶವ ಎತ್ತಿದ, ಇನ್ನೊಂದು ಬೀಸಿಗೆ ಕೇಶವನ ಜೀವ ಒಂದೇ ಒಂದು ಅಂಕಕ್ಕೆ ಇಳಿಯಿತು. ಸುತ್ತಿನ ಮೇಲೆ ಸುತ್ತು ಸಾಗಿತು, ಕೊಡಲಿ ಕಿತ್ತು ಬರಲಿಲ್ಲ. ಬಾಗಿಲಲ್ಲಿ ಎಲೆಗಳ ಆಟದವರು ಡಬ್ಬಿಗಳನ್ನು ಹಿಡಿದು ಬಂದು ನಿಂತರು. ಗ್ಲೆನ್ ಕರಿಹಲಗೆಯ ಪಕ್ಕಕ್ಕೆ ಬಂದು ಒರಗಿದ. ನಾಲ್ಕು ಗಂಟೆ ನಲವತ್ತಮೂರು ನಿಮಿಷ.

ತೇಜಶ್ರೀ ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದಳು: "ಅಕ್ಕ, ಸಾಯ್ಸ್ಬಿಡಿ ಅದನ್ನ. ಎಷ್ಟು ಜೀವ ಉಳಿದಿದೆ ಅಂತ ನಿಮಗೊಬ್ರಿಗೇ ತಾನೆ ಗೊತ್ತು. ಟೈಮ್ ಆಯ್ತು."

ಕಾಗದದ ಮೇಲೆ ವಾಸಂತಿ ಬರೆದುಕೊಂಡ ಅಂಕ ಒಂಬತ್ತು. ಅದನ್ನು ಅಳಿಸಿ ಸೊನ್ನೆ ಮಾಡಿದರೆ ಕೇಳುವವರಿಲ್ಲ. ಕಥೆ ಮುಗಿಯುತ್ತದೆ, ಹೆಸರು ಹಲಗೆಯ ಮೇಲೆ ಉಳಿಯುತ್ತದೆ. ಹೊತ್ತಾಯಿತೆಂದು ಕೊನೆಯ ಎಲೆಗೆ ನೀರು ಬೆರೆಸಿದ ಹುಳಿ ಹಾಕಿದ ಒಬ್ಬ ಹುಡುಗನನ್ನು ಅಪ್ಪ ಅದೇ ಗಳಿಗೆಯಲ್ಲಿ ಕೆಲಸದಿಂದ ಬಿಡಿಸಿದ್ದು ಅವಳಿಗೆ ನೆನಪಿತ್ತು.

"ಇಲ್ಲ," ಎಂದಳು. "ಮೊದಲನೇ ಎಲೆಗೆ ಏನೋ ಕೊನೇ ಎಲೆಗೂ ಅದೇ. ಗದಿಗೆಪ್ಪಣ್ಣ, ನಿಮ್ಮ ಸರದಿ. ನಿಮ್ಮ ನಂತರ ದೈತ್ಯನದು."

ಗದಿಗೆಪ್ಪ ಕನ್ನಡಕ ತೆಗೆದು ಒರೆಸಿದರು. "ಕೊಡ್ಲಿ ಕಿತ್ತು ಹೊಡದ್ರ?"

"ಹದಿನಾಲ್ಕರ ಮೇಲೆ ಬೀಳ್ಬೇಕು."

"ಬೀಳಲಿಲ್ಲಂದ್ರ?"

"ದೈತ್ಯ ಕೇಶವನ ಪಕ್ಕದಲ್ಲೇ ಇದಾನೆ."

"ಎದ್ರ, ಕೊಡ್ಲಿ?"

"ಎಲೆ ಮೇಲೆ ಬಿಟ್ಟದ್ದು."

ಆ ಕೊಡಲಿ ಮೂರು ವರ್ಷದ್ದು. ಅದಕ್ಕೆ ಅವರು ಹೆಸರಿಟ್ಟಿದ್ದರು. ಮನೆಯಲ್ಲಿ ರಟ್ಟಿನಿಂದ ಅದರ ಮಾದರಿ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದರು. ಇಪ್ಪತ್ತು ಮುಖದ ದಾಳ ಅವರ ಮುಷ್ಟಿಯೊಳಗಿತ್ತು. ಕೇಶವ ಅವರ ಕಡೆ ನೋಡಲೂ ಇಲ್ಲ, ಬೆನ್ನ ಮೇಲೆ ನಿಜಕ್ಕೂ ಪೆಟ್ಟಿಗೆ ಇದ್ದವನಂತೆ ಭುಜ ಸೆಟೆದು ಕೂತಿದ್ದ.

"ನಾ ದಿನಾ ಮುರಿಯೋತನಕ ಬಗ್ಗಸ್ತೀನಿ," ಎಂದರು ಗದಿಗೆಪ್ಪ ಮೆಲ್ಲಗೆ. "ಅದು ನೌಕ್ರಿ. ಅಲ್ಲಿ ಮುರದ್ರ ಯಾರೂ ಸಾಯಂಗಿಲ್ಲ." ದಾಳವನ್ನು ಉರುಳಿಸದೆ ಮೇಜಿನ ಮೇಲೆ ಇಟ್ಟರು. ಮೊಣಕಾಲಿಗೆ ಕೈ ಊರಿದರು. "ಎದ್ದೆ."

ನಾಲ್ಕು ಕುರ್ಚಿಗಳು ಒಟ್ಟಿಗೆ ಕಿರ್ರೆಂದವು. ರೋಹನ್, ತೇಜಶ್ರೀ, ಕೇಶವ, ಮೂವರೂ ಅವರೊಡನೆ ಎದ್ದು ನಿಂತಿದ್ದರು. ನಿಯಮದಲ್ಲಿ ಹಾಗೆ ನಿಜಕ್ಕೂ ನಿಲ್ಲಬೇಕೆಂದೇನೂ ಇರಲಿಲ್ಲ. ಇಡೀ ಅಂಗಡಿ ಇತ್ತ ತಿರುಗಿತು. ವಾಸಂತಿ ನಿಂತಲ್ಲಿಂದಲೇ ಕಥೆಯನ್ನು ಓಡಿಸಿದಳು. ತೊಡೆಯಲ್ಲಿ ಕೊಡಲಿ ನೆಟ್ಟ ದೈತ್ಯ ಎರಡು ಹೆಜ್ಜೆ ಕುಂಟಿ ಬಂದು ನಿಂತುಬಿಟ್ಟ. ನಾಲ್ವರು ಏದುಸಿರು ಬಿಡುತ್ತ ದಿಬ್ಬ ಹತ್ತಿದರು. ಬಾಗಿಲು ಮುಚ್ಚುತ್ತಿತ್ತು, ರೋಹನ್‌ನ ಕಳ್ಳ ಸಂದಿಯಲ್ಲಿ ಕಾಲು ತೂರಿಸಿದ, ಕೇಶವ ಪೆಟ್ಟಿಗೆ ಇಳಿಸಿದ, ಮೊದಲ ರೋಗಿಯ ಬಾಯಿಗೆ ಮೊದಲ ಗುಟುಕು ಬಿತ್ತು.

"ಮುಗೀತು," ಎಂದಳು ವಾಸಂತಿ.

ನಾಲ್ಕು ಗಂಟೆ ಐವತ್ತೊಂದು ನಿಮಿಷ. ಅವಳ ಗಂಟಲು ಒಣಗಿತ್ತು, ನಾಲ್ಕು ಗಂಟೆ ನಿಂತ ಪಾದ ಉರಿಯುತ್ತಿತ್ತು. ಗ್ಲೆನ್ ಗಡಿಯಾರ ನೋಡಿದ, ಅವಳನ್ನು ನೋಡಿದ. ಕೊನೆಯಲ್ಲಿ ಎಲ್ಲರೂ ಯಾಕೆ ಎದ್ದು ನಿಂತರು ಎಂದು ಕೇಳಿದ. ನಮ್ಮಲ್ಲಿ ಹಾಗೇ ಎಂದಳು ಅವಳು. ಅವನು ತಲೆಯಾಡಿಸಿ, ಸೀಮೆಸುಣ್ಣ ತೆಗೆದು, ಅವಳ ಹೆಸರಿನ ಮುಂದೆ 'ಡಿಸೆಂಬರ್‌ವರೆಗೆ' ಎಂದು ಬರೆದ. ಎಲೆಗಳ ಆಟದವರಿಗೆ ಒಳಗಿನ ಕೋಣೆಯ ಬಾಗಿಲು ತೋರಿಸಿದ.

ಎಲ್ಲರೂ ಚೀಲ ಕಟ್ಟಿಕೊಳ್ಳುವಾಗ ಗದಿಗೆಪ್ಪ ಮಾತ್ರ ಕದಲಲಿಲ್ಲ.

"ತಂಗಿ, ನನ್ನ ಕೊಡ್ಲಿ ಆ ದೈತ್ಯನ ತೊಡ್ಯಾಗ ಐತಲ್ಲ?"

"ಅಲ್ಲೇ ಇದೆ."

"ಅಂವ ಕುಂಟಾಕತ್ತಾನ?"

"ಕುಂಟ್ತಾ ಇದಾನೆ. ತುಂಬಾ ನೋವು."

"ಅದನ್ನ ಕಿತ್ತು ಔಷಧಿ ಹಚ್ಚಾಕ ಅವನಿಗೂ ಯಾರರ ಬೇಕಲ್ಲ," ಎಂದರು ಗದಿಗೆಪ್ಪ. ಕೇಶವನ ಭುಜಕ್ಕೆ ಕೈಹಾಕಿದರು. "ಡಾಕ್ಟ್ರ, ಮುಂದಿನ ಶನಿವಾರ ಅಂವನ ಮಾತಾಡ್ಸಕ ಹೋಗೂಣು."

ವಾಸಂತಿ ಕಾಗದದ ಮೇಲಿನ ಒಂಬತ್ತಕ್ಕೆ ಒಂದು ಸುತ್ತು ಹಾಕಿ, ಪಕ್ಕದಲ್ಲಿ ದೈತ್ಯನಿಗೆ ಒಂದು ಹೆಸರು ಬರೆದಳು.